ನಿಮಗಿದು ಗೊತ್ತೇ? ಓಟು, ಸುಳ್ಳು, ಅಫಿಡವಿಟ್ಟು!

ಚಿಕ್ಕಮಗಳೂರು ಅಂದರೆ ಬರೀ ಕಾಫಿ, ಮಳೆ, ಮುಳ್ಳಯ್ಯನಗಿರಿ ಅಂದುಕೊಂಡಿರಾ? ನಾಯಕರ ತಪ್ಪು ಬಯಲಾದರೆ ಜನ ಓಟು ಬದಲಿಸುತ್ತಾರಾ ಎಂದು ಪಂಡಿತರು ಇವತ್ತು ತಲೆ ಕೆಡಿಸಿಕೊಂಡಿದ್ದಾರೆ. ಈ ಕಾಫಿ ಸೀಮೆ 1978ರಲ್ಲೇ ಒಂದು ಉತ್ತರ ಕೊಟ್ಟಿತ್ತು!

ತುರ್ತು ಪರಿಸ್ಥಿತಿಯಲ್ಲಿ ಏನೇನು ನಡೆಯಿತು ಎಂದು ಕೆದಕಲು ಷಾ ಆಯೋಗ ಕೂತಿತ್ತು. 1978ರ ಜನವರಿಯಲ್ಲಿ ಇಂದಿರಾ ಗಾಂಧಿ ಆಯೋಗದ ಮುಂದೆ ಬಂದರು. ಆದರೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳಲು ಒಪ್ಪಲಿಲ್ಲ! ಮಾರ್ಚ್, ಏಪ್ರಿಲ್, ಆಗಸ್ಟ್ ಎಂದು ಮೂರು ಕಂತಿನಲ್ಲಿ ವರದಿ ಬಂತು. ತಪ್ಪುಗಳೆಲ್ಲ ದಾಖಲಾದವು. ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಗೆದ್ದವರು ಯಾರು? ಅದೇ ಇಂದಿರಾ ಗಾಂಧಿ, 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ!

ಅವರಿಗಾಗಿ ಸೀಟು ಬಿಟ್ಟುಕೊಟ್ಟವರು ಮೂಡಿಗೆರೆ ಸೀಮೆಯ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ, ನಾಲ್ಕೂ ಸದನಗಳಲ್ಲಿ ಕೂತ ಅಪರೂಪದ ರಾಜಕಾರಣಿ ಇವರು. ಇಂದಿರಮ್ಮನಿಗಾಗಿ ರಾಜೀನಾಮೆ ಕೊಟ್ಟ ಇದೇ ಗೌಡರು 2009ರಲ್ಲಿ ಲೋಕಸಭೆಗೆ ಹೋದದ್ದು ಬಿಜೆಪಿಯಿಂದ!

ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರ ಕತೆ ಇನ್ನೂ ಸೋಜಿಗ. ಊರೂರು ಸುತ್ತಿ ಇಂದಿರಾ ಅವರಿಗೆ ಓಟು ಹಾಕಬೇಡಿ ಎಂದವರು. 1980 ಬರುವಷ್ಟರಲ್ಲಿ ಅದೇ ಇಂದಿರಾ ಸರ್ಕಾರದಲ್ಲಿ ಮಂತ್ರಿ!

ಆ ಚುನಾವಣೆಯ ಘೋಷಣೆ ಕೇಳಿದ್ದೀರಾ? ಇಂದಿರಾ ಒಂದು ಹೆಣ್ಣು ಸಿಂಹ, ಎದುರಾಳಿಗಳು ನೂರು ಮುಸುವ ಎಂಬರ್ಥದ ಹಿಂದಿ ಕೂಗು. ಅದರಲ್ಲಿ 'ಲಂಗೂರ್'ಗೆ 'ಚಿಕ್‌ಮಗಳೂರ್' ಪ್ರಾಸ! ಪ್ರಾಸವಿದ್ದರೆ ಏನಾಗುತ್ತದೆ ಗೊತ್ತೇ? ಅದೇ ಅರ್ಥದ ಮಾತು ಪ್ರಾಸದಲ್ಲಿದ್ದರೆ ಜನರಿಗೆ ಹೆಚ್ಚು ನಿಜ ಅನ್ನಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು 2000ನೇ ಇಸವಿಯಲ್ಲಿ ತೋರಿಸಿಕೊಟ್ಟರು. ನಮ್ಮ ಘೋಷಣೆಕಾರರಿಗೆ ಇದು 22 ವರ್ಷ ಮೊದಲೇ ಗೊತ್ತಿತ್ತು ಅನ್ನಬೇಕು!

ಗೆದ್ದರೂ ಇಂದಿರಾ ಅವರಿಗೆ ಸೀಟು ಉಳಿಯಲಿಲ್ಲ. 1978ರ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಹೊರಹಾಕಿ ಜೈಲಿಗೂ ಕಳಿಸಿತು. ಅಪರಾಧ ಏನು? ಮಾರುತಿ ಕಂಪನಿ ಬಗ್ಗೆ ಸಂಸತ್ತಿನಲ್ಲಿ ಎದ್ದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟದ್ದು. ನಿಜ ಹುಡುಕಲು ಹೋದವರನ್ನು ಕಾಡಿದ ಆರೋಪ! 1981ರಲ್ಲಿ ಹೊಸ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು!

ತಪ್ಪು ಗೊತ್ತಾದರೂ ನಾಯಕರನ್ನು ಬಿಟ್ಟುಕೊಡದ ಚಿಕ್ಕಮಗಳೂರಿನ ಸ್ವಭಾವ ಅಮೆರಿಕದವರಲ್ಲೂ ಕಂಡಿತು. 2016ರ ಚುನಾವಣೆ ಹೊತ್ತಿಗೆ ಟ್ರಂಪ್ ಮಾತಿನ ಫ್ಯಾಕ್ಟ್ ಚೆಕ್ ಓದಿಸಿ ಮತದಾರರನ್ನು ಸಂಶೋಧಕರು ಪರೀಕ್ಷಿಸಿದರು. ಅಭಿಮಾನಿಗಳೂ ತಪ್ಪು ತಿಳಿವಳಿಕೆ ತಿದ್ದಿಕೊಂಡರು. ಅಭಿಮಾನ ಮಾತ್ರ ಒಂದಿಷ್ಟೂ ಕರಗಲಿಲ್ಲ!

ಹಾಗಾದರೆ ಫ್ಯಾಕ್ಟ್ ಚೆಕ್ ದಂಡವೇ? ಖಂಡಿತ ಅಲ್ಲ! 2012ರಲ್ಲಿ ಅಮೆರಿಕದ 9 ರಾಜ್ಯಗಳ ಸುಮಾರು 1,200 ಶಾಸಕರ ಮೇಲೆ ಒಂದು ಪ್ರಯೋಗ ನಡೆಯಿತು. ಅವರಲ್ಲಿ ಕೆಲವರಿಗಷ್ಟೇ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ ಎಂದು ಪತ್ರ ಹೋಯಿತು. ಪತ್ರ ತಲುಪಿದವರ ಮಾತಿನಲ್ಲಿ ಸುಳ್ಳು ಸಿಕ್ಕಿದ್ದು ಕಡಿಮೆ! ಮತದಾರ ಬದಲಾಗದಿದ್ದರೂ ನಾಯಕರು ನಾಲಿಗೆ ಬಿಗಿಹಿಡಿದರು. ನನಗಂತೂ ಇದೇ ಎಲ್ಲಕ್ಕಿಂತ ದೊಡ್ಡ ಸುದ್ದಿ.

ಈಗ ನಮ್ಮ ಅಫಿಡವಿಟ್ಟಿಗೆ ಬನ್ನಿ. ನಾಮಪತ್ರದ ಜತೆ ಕೊಡುವ 26ನೇ ನಮೂನೆಯನ್ನು ಒಮ್ಮೆ ಬಿಡಿಸಿ ನೋಡಿ. ಮೇಲಿರುವ ಕೇಸುಗಳು, 5 ವರ್ಷದ ಆದಾಯ, ಮನೆಯವರ ಒಡವೆಯ ತೂಕ, ಬ್ಯಾಂಕ್ ಸಾಲ. ತೋಟ ಇದ್ದರೆ ಯಾವ ಊರು, ಯಾವ ಸರ್ವೆ ನಂಬರು, ಎಷ್ಟು ಎಕರೆ, ಪಿತ್ರಾರ್ಜಿತವೋ ಕೊಂಡದ್ದೋ, ಎಲ್ಲ ಬರೆಯಬೇಕು! ಒಂದು ಕಾಲಮ್ಮೂ ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು.

ಹಾಗಂತ ಉಟ್ಟ ಬಟ್ಟೆ, ಮೆಟ್ಟಿದ ಚಪ್ಪಲಿಯ ಲೆಕ್ಕವೂ ಬೇಕೇ? ಬೇಡ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು!

ಬರೆಯಬೇಕಾದ್ದನ್ನು ಮುಚ್ಚಿಟ್ಟರೆ? ಪಕ್ಕದ ಹಾಸನ ನೋಡಿ. ಕಡೂರು ಚಿಕ್ಕಮಗಳೂರು ಜಿಲ್ಲೆಯದ್ದು, ಲೋಕಸಭೆಗೆ ಮಾತ್ರ ಹಾಸನ ಕ್ಷೇತ್ರ. ಅಲ್ಲಿಂದ 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಆಸ್ತಿ ವಿವರ ಮುಚ್ಚಿಟ್ಟರೆಂದು 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಆಯ್ಕೆಯನ್ನೇ ಅಸಿಂಧುಗೊಳಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅರ್ಜಿ ಹಾಕಿದ್ದವರಲ್ಲಿ ಒಬ್ಬರು, ಸೋತ ಅಭ್ಯರ್ಥಿ ಎ. ಮಂಜು. ತೀರ್ಪು ಬರುವಾಗ ಅವರು ಪ್ರಜ್ವಲ್ ಅವರ ಪಕ್ಷದ್ದೇ ಶಾಸಕ!

ಸುಳ್ಳು ಅಫಿಡವಿಟ್ಟಿಗೆ ಶಿಕ್ಷೆ ಎಷ್ಟು? ಹೆಚ್ಚೆಂದರೆ 6 ತಿಂಗಳು ಜೈಲು, ಅಥವಾ ದಂಡ, ಅಥವಾ ಎರಡೂ. ಇದು ತೀರಾ ಕಡಿಮೆಯಾಯಿತು!

ಸುಳ್ಳು ಅಫಿಡವಿಟ್ಟಿನಲ್ಲಷ್ಟೇ ಇರುವುದಿಲ್ಲ. ಮೂಡಿಗೆರೆಯಲ್ಲಿ 2023ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು ಎಷ್ಟು ಮತಗಳಿಂದ ಗೊತ್ತೇ? ಬರೀ 722! ಮತದಾನದ ಹಿಂದಿನ ರಾತ್ರಿ ಹರಿದಾಡುವ ಒಂದು ಸುಳ್ಳು ವಾಟ್ಸಾಪ್ ಮೆಸೇಜು ಏನೆಲ್ಲ ಮಾಡಬಹುದು, ನೀವೇ ಯೋಚಿಸಿ!

ಕೊನೆಗೊಂದು ಗುಟ್ಟು. ಅಫಿಡವಿಟ್ಟಿನಲ್ಲಿ ಬರೆದದ್ದು ನಿಜವೇ ಎಂದು ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಆದರೆ ಅದು ಸುಳ್ಳೆಂದು ಗೊತ್ತಿದ್ದರೆ ಯಾರು ಬೇಕಾದರೂ ಪ್ರಮಾಣ ಮಾಡಿದ ಪ್ರತಿ ಅಫಿಡವಿಟ್ ಕೊಡಬಹುದು. ಅದನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು! ಅಭ್ಯರ್ಥಿಗಳ ಅಫಿಡವಿಟ್ಟುಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮುಂದಿನ ಸಲ ಬೂತಿಗೆ ಹೊರಡುವ ಮುನ್ನ ನಿಮ್ಮ ಕ್ಷೇತ್ರದ ಎಲ್ಲರ ಅಫಿಡವಿಟ್ಟನ್ನೂ ತೆರೆದು ಓದಿ!