ಕಂಪ್ಯೂಟರಿಗಿಂತ ಮೊದಲು ಕಾಗದ, ಪೆನ್ಸಿಲ್: ವಿವಿಕ್ತ ಗಣಿತದ ಪರಿಚಯ



ಕಂಪ್ಯೂಟರ್ ವಿಜ್ಞಾನ ಓದುವ ಆಸೆಯಿದೆ, ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂದು ಹಿಂಜರಿಯುವವರು ಅನೇಕರು. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಈ ವಿಜ್ಞಾನದ ಅಡಿಪಾಯ ಕಲಿಯಲು ಮೊದಲು ಬೇಕಾದದ್ದು ಕಾಗದ ಮತ್ತು ಪೆನ್ಸಿಲ್. ಆ ಅಡಿಪಾಯದ ಹೆಸರು ವಿವಿಕ್ತ ಗಣಿತ. ಕಾಲೇಜಿನಲ್ಲಿ ಇದನ್ನೇ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಎನ್ನುತ್ತಾರೆ.

'ವಿವಿಕ್ತ' ಎಂದರೆ ಬಿಡಿಬಿಡಿಯಾದದ್ದು. ಕೃಷ್ಣಾ ನದಿಯ ನೀರಿನ ಮಟ್ಟ ಎಡೆಬಿಡದೆ ಏರುತ್ತದೆ, ಇಳಿಯುತ್ತದೆ, ಅದನ್ನು ಅಳೆಯುತ್ತೇವೆ. ಬಸ್ಸಿನಲ್ಲಿರುವ ಪ್ರಯಾಣಿಕರನ್ನಾದರೋ ಎಣಿಸುತ್ತೇವೆ. ನಲವತ್ತು, ನಲವತ್ತೊಂದು ಇವುಗಳ ನಡುವೆ ನಲವತ್ತೂವರೆ ಎಂಬುದಿಲ್ಲ. ಗಣಕಯಂತ್ರದೊಳಗೆ ಇರುವುದೂ 0 ಮತ್ತು 1 ಎಂಬ ಎರಡೇ ಬಿಡಿ ಅಂಕಿಗಳು. ಆದ್ದರಿಂದ ಅದರ ಗಣಿತವೂ ಎಣಿಕೆಯ ಗಣಿತ.

ಷಡ್ರಸಗಳ ಲೆಕ್ಕ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂಬ ಪ್ರಶ್ನೆ ಅದರಲ್ಲಿದೆ. ಬಿಡಿಸುವ ಸಾಮಾನ್ಯ ನಿಯಮವೂ ಇದೆ. ಎರಡೆರಡಾಗಿ ಆರಿಸಿದರೆ 6×5ನ್ನು 1×2ರಿಂದ ಭಾಗಿಸಿ 15. ಮೂರುಮೂರಾಗಿ ಆರಿಸಿದರೆ 6×5×4ನ್ನು 1×2×3ರಿಂದ ಭಾಗಿಸಿ 20. ಒಂದರಿಂದ ಆರರವರೆಗೆ ಎಲ್ಲವನ್ನೂ ಕೂಡಿದರೆ 6+15+20+15+6+1, ಅಂದರೆ 63.

ಇದನ್ನೇ ಇನ್ನೊಂದು ರೀತಿ ನೋಡೋಣ. ಪ್ರತಿಯೊಂದು ರಸಕ್ಕೂ ಎರಡೇ ಸ್ಥಿತಿ: ಇದೆ ಅಥವಾ ಇಲ್ಲ, 1 ಅಥವಾ 0. ಆರು ರಸಗಳಿಗೆ 2×2×2×2×2×2 = 64. ಯಾವ ರಸವೂ ಇಲ್ಲದ ಒಂದನ್ನು ಕಳೆದರೆ 63. ಕಂಪ್ಯೂಟರಿನ ಆರು ಬಿಟ್‌ಗಳೂ ಹೀಗೆಯೇ 64 ಸ್ಥಿತಿಗಳನ್ನು ಹಿಡಿದಿಡುತ್ತವೆ.

ಆರರ ಬದಲು 60 ವಸ್ತುಗಳಿದ್ದರೆ? ಸೆಕೆಂಡಿಗೆ ನೂರು ಕೋಟಿ ಜೋಡಣೆಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಎಲ್ಲವನ್ನೂ ಮುಗಿಸಲು ಸುಮಾರು 36 ವರ್ಷ ಬೇಕು. ಇನ್ನೊಂದೇ ಒಂದು ವಸ್ತು ಸೇರಿದರೆ ಕಾಲ ಇಮ್ಮಡಿಯಾಗುತ್ತದೆ. ಯಂತ್ರದ ವೇಗ ಹೆಚ್ಚಿಸಿ ಇದನ್ನು ಗೆಲ್ಲಲಾಗದು. ಉತ್ತಮ ವಿಧಾನವನ್ನೇ ಹುಡುಕಬೇಕು. ಈ ಎಚ್ಚರಿಕೆ ಕೊಡುವುದು ಗಣಿತ.

'ಮತ್ತು', 'ಅಥವಾ'

1854ರಲ್ಲಿ ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತದ ರೂಪದಲ್ಲಿ ವಿವರಿಸಿದ. ಅದು ವಿದ್ಯುತ್ ಸ್ವಿಚ್ಚುಗಳಿಗೂ ಹೊಂದುತ್ತದೆಂದು 1937ರಲ್ಲಿ ಕ್ಲಾಡ್ ಶ್ಯಾನನ್ ತೋರಿಸಿದ. ಅಲ್ಲಿಂದ ಇದು ಯಂತ್ರದ ಭಾಷೆಯಾಯಿತು.

ಒಂದು ವಿದ್ಯಾರ್ಥಿನಿಲಯದ ನಿಯಮ ಹೀಗಿದೆಯೆನ್ನಿ: 'ಊರು ದೂರವಿರಬೇಕು ಅಥವಾ ಮನೆಯ ಆದಾಯ ಕಡಿಮೆಯಿರಬೇಕು.' ಹಾಗಾದರೆ ಯಾರ ಅರ್ಜಿಯನ್ನು ತಿರಸ್ಕರಿಸಬೇಕು? ಊರು ಹತ್ತಿರವಿದ್ದು, ಮತ್ತು ಆದಾಯವೂ ಹೆಚ್ಚಿರುವವರದು ಮಾತ್ರ. ಪ್ರೋಗ್ರಾಂ ಬರೆಯುವವರು ಈ 'ಮತ್ತು' ಇರುವಲ್ಲಿ 'ಅಥವಾ' ಎಂದು ಬರೆದರೆ, ಹತ್ತಿರದ ಊರಿನ ಬಡ ಹುಡುಗಿಯ ಅರ್ಜಿ ಮೂಲೆಗೆ ಬೀಳುತ್ತದೆ. ಯಂತ್ರ ತಾನಾಗಿ ಪ್ರಶ್ನಿಸುವುದಿಲ್ಲ.

ರಂಗಂಪೇಟೆಯಿಂದ ಹೊರಟು

ಕಾಗದದ ಮೇಲೆ ಆರು ಚುಕ್ಕೆಗಳನ್ನಿಡಿ: ರಂಗಂಪೇಟೆ, ಸುರಪುರ, ಶಹಾಪುರ, ಯಾದಗಿರಿ, ಜೇವರ್ಗಿ, ಕಲಬುರಗಿ. ಈಗ ಆರು ರಸ್ತೆಗಳನ್ನು ಮಾತ್ರ ಎಳೆಯಿರಿ: ರಂಗಂಪೇಟೆ–ಸುರಪುರ, ಸುರಪುರ–ಶಹಾಪುರ, ಶಹಾಪುರ–ಯಾದಗಿರಿ, ಶಹಾಪುರ–ಜೇವರ್ಗಿ, ಜೇವರ್ಗಿ–ಕಲಬುರಗಿ, ಕಲಬುರಗಿ–ಯಾದಗಿರಿ. ಚುಕ್ಕೆ, ಗೆರೆಗಳ ಇಂಥ ಜಾಲಕ್ಕೆ ಗ್ರಾಫ್ ಎಂದು ಹೆಸರು.

ರಂಗಂಪೇಟೆಯಿಂದ ಹೊರಟು ಪ್ರತಿ ರಸ್ತೆಯಲ್ಲಿ ಒಂದೇ ಒಂದು ಸಲ ಸಾಗಿ ಮರಳಿ ಮನೆ ಸೇರಬಹುದೇ? ಸಾಧ್ಯವಿಲ್ಲ. ಎಲ್ಲ ರಸ್ತೆಗಳನ್ನೂ ಮುಗಿಸಿದಾಗ ನೀವು ಶಹಾಪುರದಲ್ಲಿಯೇ ಇರುತ್ತೀರಿ. ಕಾರಣ ಸರಳ. ನಡುವಿನ ಊರಿಗೆ ಒಂದು ರಸ್ತೆಯಲ್ಲಿ ಬಂದರೆ ಇನ್ನೊಂದರಲ್ಲಿ ಹೋಗಬೇಕು. ಹಾಗಾಗಿ ಅಲ್ಲಿ ರಸ್ತೆಗಳು ಸಮಸಂಖ್ಯೆಯಲ್ಲಿರಬೇಕು. ಶಹಾಪುರದಲ್ಲಿ ಮೂರು, ರಂಗಂಪೇಟೆಯಲ್ಲಿ ಒಂದು. ಇವೆರಡೂ ಬೆಸ. ಆದ್ದರಿಂದ ಒಂದರಲ್ಲಿ ಆರಂಭ, ಇನ್ನೊಂದರಲ್ಲಿ ಅಂತ್ಯ. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಬಗ್ಗೆ ಮಾಡಿದ್ದು ಇದೇ ತರ್ಕ. ದಾರಿ ತೋರಿಸುವ ಇಂದಿನ ಮೊಬೈಲ್ ನಕ್ಷೆಗಳ ತಳಹದಿಯೂ ಗ್ರಾಫ್‌ಗಳೇ.

ಗಮನಿಸಿ, ಒಂದು ಹೆಜ್ಜೆಯನ್ನೂ ಇಡದೆ ಉತ್ತರ ತಿಳಿಯಿತು. ಯಂತ್ರ ಮಾಡಿ ನೋಡುತ್ತದೆ; ಮಾಡುವ ಮೊದಲೇ ಸಾಧ್ಯಾಸಾಧ್ಯತೆ ತಿಳಿಯುವುದು ಈ ಗಣಿತದ ಶಕ್ತಿ. ಪ್ರೋಗ್ರಾಂ ಬರೆಯುವ ಭಾಷೆಗಳು ಬದಲಾಗುತ್ತವೆ, ಇದು ಬದಲಾಗದು. ಮುಂದೆ ಯಂತ್ರದ ಮುಂದೆ ಕುಳಿತು ಅಭ್ಯಾಸ ಮಾಡಲೇಬೇಕು, ನಿಜ. ಅದಕ್ಕೆ ಮೊದಲು ಪಿ.ಯು. ತರಗತಿಯ ಗಣಗಳು, ಸಂಬಂಧಗಳು, ಕ್ರಮಯೋಜನೆ ಮತ್ತು ವಿಕಲ್ಪಗಳ ಪಾಠಗಳಲ್ಲಿ ಸೂತ್ರ ಬಾಯಿಪಾಠ ಮಾಡಿ ಮುಂದೆ ಹೋಗದೆ, 'ಏಕೆ?' ಎಂದು ಕೇಳಿ.

ನೀವೇ ಮಾಡಿ ನೋಡಿ

1. ರಸಗಳು ಏಳಿದ್ದರೆ ಎಷ್ಟು ಬಗೆಯಲ್ಲಿ ಕೂಡಿಸಬಹುದು?
2. ನಮ್ಮ ಚಿತ್ರದಲ್ಲಿ ರಂಗಂಪೇಟೆಯಿಂದ ಶಹಾಪುರಕ್ಕೆ ನೇರವಾದ ಹೊಸ ಗೆರೆಯೊಂದನ್ನು ಎಳೆದರೆ, ಎಲ್ಲ ರಸ್ತೆಗಳಲ್ಲೂ ಒಮ್ಮೆಯೇ ಸಾಗಿ ಮನೆಗೆ ಮರಳಬಹುದೇ?

(ಉತ್ತರ: 1. 127. 2. ಮರಳಬಹುದು, ಈಗ ಎಲ್ಲ ಊರುಗಳಲ್ಲೂ ರಸ್ತೆಗಳ ಸಂಖ್ಯೆ ಸಮ.)