‘ತಕ್ರಾರ್’, ‘ತಕರಾರು’ ಮತ್ತು ಸೈಬರ್ ಭದ್ರತೆಯ ಶಿಕ್ಷಣ

ಕಳೆದ ವರ್ಷ ನಮ್ಮ ಓಣಿಯ ವೃದ್ಧೆಯೊಬ್ಬರ ಖಾತೆಯಲ್ಲಿದ್ದ ಪಿಂಚಣಿಯ ಹಣ ಮಾಯವಾಯಿತು. ಬ್ಯಾಂಕಿನವನೆಂದು ಹೇಳಿಕೊಂಡ ಒಬ್ಬನು ಖಾತೆ ಬಂದಾಗುತ್ತದೆಂದು ಹೆದರಿಸಿ ಅವರಿಂದ ಒಟಿಪಿ ಪಡೆದಿದ್ದ. ಅದೇ ದಿನ ಅವರು ಕಚೇರಿಯೊಂದಕ್ಕೆ ಹೋದರು. ಅಲ್ಲಿದ್ದವರು ಮರಾಠಿಯಲ್ಲಿ ‘ತಕ್ರಾರ್ ದ್ಯಾಯಚೀ ಆಹೇ ಕಾ?’ ಎಂದು ಕೇಳಿದರು. ‘ನಂದೇನೂ ತಕರಾರಿಲ್ರಿ ಸಾಹೇಬ್ರ, ನನ್ನ ರೊಕ್ಕ ಬಂದ್ರ ಸಾಕು’ ಎಂದು ಹೇಳಿ ಈ ತಾಯಿ ಮನೆಗೆ ಮರಳಿದರು. ಮರಾಠಿಯಲ್ಲಿ ‘ತಕ್ರಾರ್’ ಎಂದರೆ ದೂರು. ನಮ್ಮ ಕನ್ನಡದಲ್ಲಿ ‘ತಕರಾರು’ ಎಂದರೆ ಆಕ್ಷೇಪ, ಜಗಳ. ಅರಬ್ಬಿ ಮೂಲದ ಒಂದೇ ಶಬ್ದ ಎರಡು ನೆರೆಭಾಷೆಗಳಲ್ಲಿ ಎರಡು ದಾರಿ ಹಿಡಿದಿದೆ. ಅವರು ನನ್ನ ಬಳಿಗೆ ಬಂದದ್ದು ಮೂರನೆಯ ದಿನ.

ಮೂರು ದಿನವೆಂದರೆ ಇಲ್ಲಿ ಬಹಳ ದೀರ್ಘಕಾಲ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಪೊಲೀಸರು ವಿವರವನ್ನು ಗಣಕಜಾಲದಲ್ಲಿ ದಾಖಲಿಸುತ್ತಾರೆ. ಅದು ಸಂಬಂಧಪಟ್ಟ ಬ್ಯಾಂಕಿಗೆ ತಲುಪುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಹಿಡಿಯಲ್ಪಡುತ್ತದೆ, ಮುಂದಿನ ಬ್ಯಾಂಕಿಗೆ ಜಾರಿದ್ದರೆ ಸೂಚನೆ ಅದನ್ನು ಬೆನ್ನಟ್ಟುತ್ತದೆ. ಹಣ ಒಮ್ಮೆ ನಗದಾಗಿ ಕೈಸೇರಿದರೆ ಬೆನ್ನಟ್ಟಲು ಏನೂ ಉಳಿಯುವುದಿಲ್ಲ. ಈ ಪ್ರಸಂಗದಲ್ಲಿ ಯಂತ್ರ ಕೆಟ್ಟಿರಲಿಲ್ಲ, ಕಾನೂನೂ ಇತ್ತು. ಕಳೆದುಹೋದದ್ದು ಒಂದು ಶಬ್ದದ ಅರ್ಥ.

ಸೈಬರ್ ಭದ್ರತೆಗೆ ತಕ್ಕ ಜನರನ್ನು ಸಿದ್ಧಗೊಳಿಸಲು ಸರ್ಕಾರ, ಉದ್ಯಮ, ವಿಶ್ವವಿದ್ಯಾಲಯಗಳು ಕೂಡಿ ದುಡಿಯಬೇಕೆಂಬ ಮಾತನ್ನು ಇಂದು ಎಲ್ಲೆಡೆ ಕೇಳುತ್ತೇವೆ. ಆ ವಿಚಾರ ಎಲ್ಲಿಂದ ಬಂತೆಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೂ ತಿಳಿಯುವುದು ಒಳಿತು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬವನು ತಾನಾಗಿಯೇ ಹರಡುವ ಒಂದು ಕಿರು ತಂತ್ರಾಂಶವನ್ನು ಜಾಲಕ್ಕೆ ಬಿಟ್ಟ. ಅಂದು ಜಾಲದಲ್ಲಿದ್ದ ಗಣಕಗಳು ಸುಮಾರು 60,000; ಅವುಗಳಲ್ಲಿ 6,000ದಷ್ಟು ಸೋಂಕಿಗೆ ಸಿಕ್ಕವೆಂಬ ಅಂದಾಜಿದೆ. (ಅವನ ತಂದೆ ಅಮೆರಿಕ ಸರ್ಕಾರದ ಗಣಕ ಭದ್ರತೆಯ ಹಿರಿಯ ವಿಜ್ಞಾನಿ. ಮಗ ಮುಂದೆ ಪ್ರಾಧ್ಯಾಪಕನಾದ. ವಿಧಿಗೂ ವಿನೋದಪ್ರಿಯತೆ ಇರಬೇಕು.) ಬರ್ಕ್ಲಿ, ಎಂಐಟಿ ಮುಂತಾದ ವಿದ್ಯಾಪೀಠಗಳವರು ರಾತ್ರಿಯಿಡೀ ಕುಳಿತು ಅದರ ಒಳಗುಟ್ಟನ್ನು ಬಿಡಿಸಿದರು. ಆದರೆ ಪರಿಹಾರ ಕಂಡವನು ಯಾರಿಗೆ ತಿಳಿಸಬೇಕು, ತೊಂದರೆಗೆ ಸಿಕ್ಕವನು ಯಾರನ್ನು ಕರೆಯಬೇಕು ಎಂಬುದೇ ಗೊತ್ತಿರಲಿಲ್ಲ. ಆ ತಿಂಗಳೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದು ತುರ್ತು ತಂಡವನ್ನು ಸ್ಥಾಪಿಸಿತು. ಹಣ ಸರ್ಕಾರದ್ದು, ನೆಲೆ ವಿಶ್ವವಿದ್ಯಾಲಯದ್ದು; ದೋಷಗಳನ್ನು ತಿದ್ದುವವರು ಗಣಕ ಕಂಪನಿಗಳು. ನಮ್ಮ ದೇಶದ ಸರ್ಟ್-ಇನ್ 2004ರಲ್ಲಿ ಅದೇ ಮಾದರಿಯ ಹೆಸರಿನಲ್ಲಿ ಆರಂಭವಾಯಿತು.

ಮೂವರೂ ಏಕೆ ಬೇಕು? ಪ್ರತಿದಿನದ ದಾಳಿಯನ್ನು ಕಣ್ಣಾರೆ ಕಾಣುವುದು ಉದ್ಯಮ. ಆದರೆ ಹೆಸರು ಕೆಡುವ ಅಂಜಿಕೆಯಿಂದ ಅದು ಬಾಯಿ ಬಿಡುವುದಿಲ್ಲ. ಬಾಯಿ ಬಿಡಿಸುವ ಅಧಿಕಾರ ಸರ್ಕಾರಕ್ಕಿದೆ: 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಲೇಬೇಕು. ಕಲಿಸುವ ವ್ಯವಧಾನವಿರುವುದು ವಿಶ್ವವಿದ್ಯಾಲಯಕ್ಕೆ. ಆದರೆ ಅದರ ಪಠ್ಯಕ್ರಮ ಬದಲಾಗುವಷ್ಟರಲ್ಲಿ ವಂಚನೆಯ ಬಗೆ ಹಲವು ಸಲ ಬದಲಾಗಿರುತ್ತದೆ. ಒಡಂಬಡಿಕೆಗೆ ಸಹಿ ಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುವುದನ್ನು ನಾನು ಸಹಯೋಗವೆನ್ನಲಾರೆ. ತನಿಖಾಧಿಕಾರಿ ತರಗತಿಗೆ ಬಂದು ನಿಂತಾಗ, ಹೆಸರು ಅಳಿಸಿದ ನೈಜ ಪ್ರಕರಣ ಪ್ರಯೋಗಶಾಲೆಗೆ ಬಂದಾಗ ಅದು ಆರಂಭವಾಗುತ್ತದೆ.

ಈ ದಿಕ್ಕಿನಲ್ಲಿ ಬೆಂಗಳೂರಿನ ಎರಡು ಉದಾಹರಣೆಗಳು ಗಮನಾರ್ಹ. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯೇ ಆಧಾರಸ್ತಂಭ. ಇನ್ನೊಂದು, ಸಿಐಡಿ ಕೇಂದ್ರ ಕಚೇರಿಯಲ್ಲಿ 2019ರಲ್ಲಿ ಆರಂಭವಾದ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರ. ಜಾಗ ಪೊಲೀಸರದು, ಧನಸಹಾಯ ಇನ್ಫೋಸಿಸ್ ಪ್ರತಿಷ್ಠಾನದ್ದು, ನಾಸ್ಕಾಂ ಸ್ಥಾಪಿಸಿದ ದತ್ತಾಂಶ ಭದ್ರತಾ ಮಂಡಳಿಯೂ ಜೊತೆಗಿದೆ. ಅಲ್ಲಿ ಪೊಲೀಸರಷ್ಟೇ ಅಲ್ಲ, ಸರ್ಕಾರಿ ಅಭಿಯೋಜಕರೂ ನ್ಯಾಯಾಧೀಶರೂ ತರಬೇತಿ ಪಡೆಯುತ್ತಾರೆ. ಇದು ನನಗೆ ಬಹಳ ಸರಿಯೆನಿಸಿದೆ. ಸಾಕ್ಷ್ಯವನ್ನು ಹಿಡಿದವನಿಗೆ ತಿಳಿದದ್ದು ತೀರ್ಪು ಕೊಡುವವನಿಗೂ ತಿಳಿಯಬೇಕಲ್ಲವೇ?

ಆದರೂ ಇಂಥ ಯೋಜನೆಗಳಲ್ಲಿ ‘ಪ್ರತಿಭೆ’ ಎಂದಾಗ ಸಾಮಾನ್ಯವಾಗಿ ಕಣ್ಮುಂದೆ ನಿಲ್ಲುವವನು ಎಂಜಿನಿಯರ್ ಒಬ್ಬನೇ. ಒಟಿಪಿ ಕೇಳಿದವನು ಯಾವ ಬೀಗವನ್ನೂ ಮುರಿಯಲಿಲ್ಲ, ಮಾತಾಡಿದ, ಅಷ್ಟೇ. ಅವನ ದನಿಯ ಅವಸರ, ‘ಇಂದೇ ಕೊನೆಯ ದಿನ’ ಎಂಬ ಬೆದರಿಕೆ, ನಡುವೆ ತೂರಿಸುವ ಇಂಗ್ಲಿಷ್ ಪದಗಳ ಗಾಂಭೀರ್ಯ, ಇವೆಲ್ಲ ಭಾಷೆಯ ಕುಶಲತೆಗಳು. ಧ್ವನಿ, ವಕ್ರೋಕ್ತಿಗಳನ್ನು ತರಗತಿಯಲ್ಲಿ ಓದುವ ನಿಮಗೆ ಅವುಗಳನ್ನು ಗುರುತಿಸುವುದು ಕಷ್ಟವಲ್ಲ. ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ: ಮೋಸ ನಡೆಯುವುದು ಹಿಂದಿಯಲ್ಲಿ, ದೂರು ಬರೆಯುವುದು ಮರಾಠಿಯಲ್ಲಿ, ಅಳುವುದು ಕನ್ನಡದಲ್ಲಿ. ಎರಡು ಭಾಷೆಗಳ ಶಾಲೆಯಲ್ಲಿ ಓದಿದ ನನಗೇ ಆ ದಿನ ‘ಫಸವಣೂಕ’ ಎಂಬ ಮರಾಠಿ ಶಬ್ದವನ್ನು ಆ ತಾಯಿಗೆ ಬಿಡಿಸಿ ಹೇಳಲು ಸಮಯ ಹಿಡಿಯಿತು. ‘ವಂಚನೆ’ ಎಂದೆ, ತಿಳಿಯಲಿಲ್ಲ. ‘ಮೋಸ’ ಎಂದಾಗ ತಲೆಯಾಡಿಸಿದರು.

ಈ ಅವಧಿಯಲ್ಲಿ ನಮ್ಮ ವಿಭಾಗವು ಗಣಕವಿಜ್ಞಾನ ವಿಭಾಗದೊಂದಿಗೆ ಸೇರಿ ಕನ್ನಡ-ಮರಾಠಿ ಪದಪಟ್ಟಿಯೊಂದನ್ನು ಸಿದ್ಧಪಡಿಸಲಿದೆ. ನಿಮ್ಮ ಮನೆಯವರ ಮೊಬೈಲಿಗೆ ಬಂದ ಸಂಶಯಾಸ್ಪದ ಸಂದೇಶಗಳನ್ನು, ಸಂಖ್ಯೆ ಮತ್ತು ಹೆಸರುಗಳನ್ನು ಅಳಿಸಿ, ಕೊಂಡಿಯನ್ನು ಒತ್ತದೆ, ಬರೆದು ತನ್ನಿರಿ. ದೂರಿನ ಅರ್ಜಿಯಲ್ಲಿ ಬರುವ ಮರಾಠಿ ಶಬ್ದಗಳಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆಂಬುದನ್ನೂ ಅಜ್ಜ-ಅಜ್ಜಿಯರನ್ನು ಕೇಳಿ ಗುರುತಿಸಿಕೊಳ್ಳಿರಿ. ಪಟ್ಟಿಯ ಮೊದಲ ನಮೂದನ್ನು ನಾನೇ ಬರೆದಿಟ್ಟಿದ್ದೇನೆ: ತಕ್ರಾರ್ (ಮರಾಠಿ) – ದೂರು; ಜಗಳವಲ್ಲ.