ನೆಲದ ಮೇಲಿನ ಹಾದಿಗೆ ಕಾವಲು ಬಂದ ಬಗೆ

ವಿಮಾನಯಾನದ ಇತಿಹಾಸದಲ್ಲಿ ಅತಿ ಹೆಚ್ಚು ಜೀವ ಬಲಿ ಪಡೆದ ಅಪಘಾತ ನಡೆದದ್ದು ನೆಲದ ಮೇಲೆ. 1977ರ ಮಾರ್ಚ್ 27ರಂದು, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೊಡಿಯೊಸ್ ನಿಲ್ದಾಣದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ಟರ್ಮಿನಲ್‌ನಿಂದ ರನ್‌ವೇವರೆಗೆ ವಿಮಾನ ಮೆಲ್ಲಗೆ ಉರುಳುವ 'ಟ್ಯಾಕ್ಸಿಯಿಂಗ್' ಹಂತಕ್ಕೆ ಇಂದು ಇರುವ ಕಟ್ಟುನಿಟ್ಟಿನ ನಿಯಮಗಳಲ್ಲಿ ಹಲವಕ್ಕೆ ಬಲ ಬಂದದ್ದು ಆ ದಿನದಿಂದ.

ಗ್ರಾನ್ ಕನಾರಿಯಾ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾದ್ದರಿಂದ ಅಲ್ಲಿಗೆ ಹೊರಟಿದ್ದ ವಿಮಾನಗಳೆಲ್ಲ ಲಾಸ್ ರೊಡಿಯೊಸ್‌ನ ಸಣ್ಣ ನಿಲ್ದಾಣಕ್ಕೆ ಬಂದಿಳಿದಿದ್ದವು. ಟ್ಯಾಕ್ಸಿವೇ ಮೇಲೆ ವಿಮಾನಗಳು ಕಿಕ್ಕಿರಿದಿದ್ದರಿಂದ ಹೊರಡುವವು ರನ್‌ವೇ ಮೇಲೆಯೇ ಸಾಗಿ ತುದಿ ತಲುಪಬೇಕಿತ್ತು. ಅಷ್ಟರಲ್ಲಿ ಮಂಜು ಕವಿಯಿತು. ಕೆಎಲ್‌ಎಂ ವಿಮಾನ ತುದಿಯಲ್ಲಿ ತಿರುಗಿ ನಿಂತಾಗ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಮೇಲೆಯೇ ಇತ್ತು. ಟವರಿನವರಿಗೆ ಎರಡೂ ಕಾಣುತ್ತಿರಲಿಲ್ಲ. ಅಲ್ಲಿ ಗ್ರೌಂಡ್ ರಾಡಾರ್ ಇರಲಿಲ್ಲ.

ಕೆಎಲ್‌ಎಂ ಪೈಲಟ್ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಮಾತು ಹೇಳಿದಾಗ, ವಿಮಾನ ಸಿದ್ಧವಾಗಿ ನಿಂತಿದೆ ಎಂದುಕೊಂಡು ನಿಯಂತ್ರಕರು 'ಓಕೆ' ಎಂದರು. ಅದರ ಬೆನ್ನಿಗೇ ಅವರು ಕಾಯಲು ಹೇಳಿದ್ದೂ, 'ನಾವಿನ್ನೂ ರನ್‌ವೇ ಮೇಲಿದ್ದೇವೆ' ಎಂದು ಪ್ಯಾನ್ ಆಮ್‌ನವರು ಕೂಗಿದ್ದೂ ಒಂದೇ ಗಳಿಗೆಯಲ್ಲಿ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೇಳಿಸಿದ್ದು ಕರ್ಕಶ ಸದ್ದು. ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು.

ಆ ದುರಂತದ ಮೇಲೆ ರೇಡಿಯೊ ಮಾತಿಗೆ ಬಿಗಿ ಬಂತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಮಾಡುವಾಗಷ್ಟೇ ನಿಯಂತ್ರಕರು 'ಟೇಕಾಫ್' ಎನ್ನಬೇಕು. ರನ್‌ವೇಗೆ ಸಂಬಂಧಿಸಿದ ಆದೇಶಕ್ಕೆ ಪೈಲಟ್ ಬರೀ 'ಓಕೆ' ಎಂದರೆ ಸಾಲದು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಕಿರಿಯರ ಅನುಮಾನಕ್ಕೆ ಕ್ಯಾಪ್ಟನ್ ಕಿವಿಗೊಡುವಂತೆ ಮಾಡುವ ತರಬೇತಿಯೂ ನಂತರದ ವರ್ಷಗಳಲ್ಲಿ ಬೇರೂರಿತು.

ಆದರೂ ದಾರಿ ತಪ್ಪುವುದು ನಿಲ್ಲಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಮಂಜಿನೊಳಗೆ ಹಾದಿ ತಪ್ಪಿದ ವಿಮಾನವೊಂದು ರನ್‌ವೇಗೆ ನುಗ್ಗಿ, ಡಿಕ್ಕಿಯಲ್ಲಿ 93 ಮಂದಿ ಸತ್ತರು. 1990ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲೂ ಅಂಥದೇ ತಪ್ಪಾಯಿತು. ಇವುಗಳಲ್ಲಿ ನನ್ನನ್ನು ಹೆಚ್ಚು ಕಲಕುವುದು ಮಿಲಾನ್‌ನ ಲಿನಾಟೆ ದುರಂತ. 2001ರ ಅಕ್ಟೋಬರ್ 8ರ ಬೆಳಿಗ್ಗೆ ಸಣ್ಣ ಸೆಸ್ನಾ ಜೆಟ್ ಒಂದು ಆರ್5 ಹಿಡಿಯುವ ಬದಲು ಆರ್6 ಎಂಬ ಟ್ಯಾಕ್ಸಿವೇ ಹಿಡಿಯಿತು. ತಾನಿರುವ ಜಾಗವನ್ನು ಎಸ್4 ಎಂದು ಅದರ ಪೈಲಟ್ ತಿಳಿಸಿದರು. ನೆಲದ ಮೇಲೆ ಬರೆದಿದ್ದ ಆ ಗುರುತು ನಿಯಂತ್ರಕರಿಗೆ ಗೊತ್ತೇ ಇರಲಿಲ್ಲ. ಹಾರಲು ವೇಗ ಪಡೆಯುತ್ತಿದ್ದ ಎಸ್‌ಎಎಸ್ ಸಂಸ್ಥೆಯ ಎಂಡಿ-87 ವಿಮಾನ ಆ ಸೆಸ್ನಾಗೆ ಬಡಿಯಿತು. ಸತ್ತವರು 118 ಮಂದಿ. ಅವರಲ್ಲಿ ನಾಲ್ವರು ಲಗೇಜ್ ಕಟ್ಟಡದಲ್ಲಿ ಕೆಲಸದಲ್ಲಿದ್ದವರು. ಹಳೆಯ ಗ್ರೌಂಡ್ ರಾಡಾರನ್ನು ತೆಗೆಯಲಾಗಿತ್ತು. ಕೊಂಡು ತಂದ ಹೊಸದು ಇನ್ನೂ ಕೆಲಸ ಶುರು ಮಾಡಿರಲಿಲ್ಲ.

ಇಂದು ದೊಡ್ಡ ನಿಲ್ದಾಣಗಳಲ್ಲಿ ಮಂಜಿನ ನಡುವೆಯೂ ಟ್ಯಾಕ್ಸಿವೇ ನಡುಗೆರೆಯ ಹಸಿರು ದೀಪಗಳು ಪೈಲಟ್‌ಗೆ ದಾರಿ ತೋರಿಸುತ್ತವೆ. ರನ್‌ವೇಗೆ ಮುನ್ನ ಟ್ಯಾಕ್ಸಿವೇಗೆ ಅಡ್ಡಲಾಗಿ ಉರಿಯುವ ಕೆಂಪು ದೀಪಗಳ ಸಾಲಿಗೆ ಸ್ಟಾಪ್ ಬಾರ್ ಎನ್ನುತ್ತಾರೆ. ಅದು ಆರುವವರೆಗೆ ಮುಂದೆ ಸಾಗುವಂತಿಲ್ಲ. ನೆಲದ ಮೇಲಿನ ಪ್ರತಿ ವಿಮಾನ, ಪ್ರತಿ ಜೀಪು ಟವರಿನ ಪರದೆಯಲ್ಲಿ ಕಾಣುವ ವ್ಯವಸ್ಥೆಯೂ ಬಂದಿದೆ. ಪೈಲಟ್‌ಗಳು ತಬ್ಬಿಬ್ಬಾಗುವ ಕೂಡುದಾರಿಗಳನ್ನು ನಕ್ಷೆಯಲ್ಲೇ 'ಹಾಟ್‌ಸ್ಪಾಟ್' ಎಂದು ಗುರುತಿಸುತ್ತಾರೆ. ಅಮೆರಿಕದಲ್ಲಿ 2010ರಿಂದ, ದಾರಿಯಲ್ಲಿ ಸಿಗುವ ಒಂದೊಂದು ರನ್‌ವೇ ದಾಟಲೂ ಪ್ರತ್ಯೇಕ ಅನುಮತಿ ಬೇಕು.

ಇಷ್ಟಿದ್ದರೂ 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ, ತನಗೆ ಅನುಮತಿ ಸಿಕ್ಕಿದೆ ಎಂದುಕೊಂಡ ಕರಾವಳಿ ರಕ್ಷಣಾ ಪಡೆಯ ವಿಮಾನ ರನ್‌ವೇ ಮೇಲೆ ಬಂದು ನಿಂತಿತು. ಟವರಿನ ಪರದೆ ಎಚ್ಚರಿಕೆ ತೋರಿಸಿತ್ತು, ಯಾರೂ ಗಮನಿಸಲಿಲ್ಲ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಅಪ್ಪಳಿಸಿತು. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಬೆಂಕಿಯ ನಡುವೆ ಜೀವಸಹಿತ ಹೊರಬಂದರು.

ಲಿನಾಟೆಯಲ್ಲಿ ಸಾಧನ ಕೆಲಸಕ್ಕೆ ಬಂದಿರಲಿಲ್ಲ. ಹನೆಡಾದಲ್ಲಿ ಸಾಧನ ಎಚ್ಚರಿಸಿದರೂ ಕಣ್ಣು ಅತ್ತ ಹರಿಯಲಿಲ್ಲ. ಹಾಗಾಗಿ ನಿಲ್ದಾಣಗಳನ್ನು ನಡೆಸುವವರು ಯಂತ್ರ ಕೊಂಡು ತಂದ ದಿನವನ್ನು ಲೆಕ್ಕಕ್ಕೆ ಹಿಡಿಯದೆ, ಅದು ಚಾಲೂ ಆದ ದಿನವನ್ನೂ, ಅದರ ಮುಂದೆ ಕೂರುವವರಿಗೆ ಸಿಗುವ ತರಬೇತಿಯನ್ನೂ ಬಿಡುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಯಾಣಿಕರಾದ ನಮ್ಮದೂ ಒಂದು ಪಾಲಿದೆ. ದೇವನಹಳ್ಳಿಯ ನಿಲ್ದಾಣದಲ್ಲಿ ಚಳಿಗಾಲದ ಮಂಜಿಗೆ ವಿಮಾನಗಳು ತಡವಾಗುವುದುಂಟು. ಅಂಥ ಬೆಳಗಿನಲ್ಲಿ ನಿಮ್ಮ ವಿಮಾನ ಟ್ಯಾಕ್ಸಿವೇ ಮೇಲೆ ನಿಂತುಬಿಟ್ಟರೆ ಸಿಬ್ಬಂದಿಯ ಮೇಲೆ ರೇಗಬೇಡಿ. ಬೆಲ್ಟ್ ಕಟ್ಟಿಕೊಂಡೇ ಕಾಯಿರಿ.